ಏಳು ವರ್ಷದ ಕಿವಿಮೊರೆತ: ಇನ್ನೂ ಒಂದು ಚಿಕಿತ್ಸೆ ಮಾಡಿಸಲೇ?

ಪ್ರಶ್ನೆ: ಡಾಕ್ಟರೇ, ನನಗೆ 52 ವರ್ಷ. ಗಂಗಾವತಿ ಕಡೆಯ ರೈಸ್ ಮಿಲ್ಲೊಂದರಲ್ಲಿ 22 ವರ್ಷ ಮಷಿನ್ ಆಪರೇಟರ್ ಆಗಿದ್ದೆ. ಏಳು ವರ್ಷದಿಂದ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಒಂದೇ ಸಮನೆ ಶಬ್ದ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ದೀಪ ಆರಿಸಿದ ಮೇಲೆ ತಡೆಯಲು ಆಗುವುದಿಲ್ಲ. ಮೊದಲು ತೋರಿಸಿದ ಡಾಕ್ಟರು ಆರು ತಿಂಗಳು ಬೀಟಾಹಿಸ್ಟಿನ್ ಮಾತ್ರೆ ಕೊಟ್ಟು, ಆಮೇಲೆ ‘ಇದಕ್ಕೆ ಔಷಧಿ ಇಲ್ಲ, ಅಭ್ಯಾಸ ಮಾಡಿಕೊಳ್ಳಿ’ ಅಂದರು. ಅಲ್ಲಿಂದ ಒಂದು ವರ್ಷ ಹೋಮಿಯೋಪತಿ, ಆಯುರ್ವೇದದಲ್ಲಿ ಕಿವಿಗೆ ಎಣ್ಣೆ ಮತ್ತು ಗುಳಿಗೆ, 12 ಸಲ ಆಕ್ಯುಪಂಕ್ಚರ್, ಆನ್‌ಲೈನ್‌ನಲ್ಲಿ ತರಿಸಿದ ಗಿಂಕ್ಗೊ ಕ್ಯಾಪ್ಸೂಲ್, ಕಿವಿಗೆ ಇಟ್ಟು ಉರಿಸುವ ಮೇಣದಬತ್ತಿ, ಎಲ್ಲ ಆಯಿತು. ಪ್ರತಿಯೊಂದರಲ್ಲೂ ಮೊದಲ ಎರಡು ವಾರ ಕಡಿಮೆಯಾದ ಹಾಗೆ ಅನಿಸಿ ಮತ್ತೆ ಮೊದಲಿನಂತೆಯೇ. ಒಂದೂಮುಕ್ಕಾಲು ಲಕ್ಷ ಖರ್ಚಾಗಿದೆ. ಈಗ ಒಂದು ಕಡೆ ಲೇಸರ್ ಮಾಡಿಸಿದರೆ ಪೂರ್ತಿ ಹೋಗುತ್ತದೆ, 45,000 ರೂಪಾಯಿ ಆಗುತ್ತದೆ ಎನ್ನುತ್ತಿದ್ದಾರೆ. ಮಾಡಿಸಲೇ? ಭ್ರಾಮರಿ ಪ್ರಾಣಾಯಾಮ ಮಾಡಬಹುದೇ? ಈ ಶಬ್ದ ಯಾವತ್ತಾದರೂ ನಿಲ್ಲುತ್ತದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಣದ ಮಾತನ್ನು ಮೊದಲು ಮುಗಿಸುತ್ತೇನೆ. ಲೇಸರ್‌ಗೆ ಹಣ ಕಟ್ಟಬೇಡಿ. ಒಂದು ಗುಂಪಿಗೆ ನಿಜವಾದ ಲೇಸರ್, ಇನ್ನೊಂದು ಗುಂಪಿಗೆ ಹಾಗೆಯೇ ಕಾಣುವ ಆದರೆ ಆನ್ ಮಾಡದ ಯಂತ್ರ ಇಟ್ಟು ನೋಡಿದ ಪ್ರಯೋಗಗಳಿವೆ. ನೆಚ್ಚಿಕೊಳ್ಳುವಂಥ ವ್ಯತ್ಯಾಸ ಅವುಗಳಲ್ಲಿ ಕಂಡುಬಂದಿಲ್ಲ. ಏಳು ವರ್ಷದ ಕಿವಿಮೊರೆತ ‘ಪೂರ್ತಿ ಹೋಗುತ್ತದೆ’ ಎಂದು ಹಣ ಕಟ್ಟಿಸಿಕೊಳ್ಳುವ ಮೊದಲೇ ಹೇಳುವವರ ಮಾತನ್ನು, ಅವರು ಯಾವ ಪದ್ಧತಿಯವರೇ ಆಗಿರಲಿ, ನಂಬಬೇಡಿ.

ನಿಮ್ಮ ಮೊದಲ ಡಾಕ್ಟರು ಹೇಳಿದ ಮಾತು ಅರ್ಧ ಸರಿ. ಬೀಟಾಹಿಸ್ಟಿನ್ ತಲೆಸುತ್ತಿನ ಕೆಲವು ಕಾಯಿಲೆಗಳಿಗೆ ಕೊಡುವ ಮಾತ್ರೆ. ಬರೀ ಕಿವಿಮೊರೆತಕ್ಕೆ ಅದನ್ನು ಕೊಡಬಾರದು ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲಿ ವೈದ್ಯರಿಗೆ ನೀಡಿದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿಯೇ ಇದೆ. ಶಬ್ದವನ್ನು ಅಳಿಸಿಹಾಕುವ ಮಾತ್ರೆ ಇವತ್ತಿನವರೆಗೆ ಇಲ್ಲ ಎಂಬುದೂ ನಿಜ. ಆದರೆ ‘ಅಭ್ಯಾಸ ಮಾಡಿಕೊಳ್ಳಿ’ ಎಂದು ಹೇಳಿ ಕಳಿಸುವುದು ಈಜು ಬಾರದವನಿಗೆ ದಡದ ಮೇಲೆ ನಿಂತು ‘ಈಜು’ ಅಂದಂತೆ. ಹೇಗೆ ಎಂದು ಹೇಳಿಕೊಡಬೇಕಿತ್ತು. ಹೇಳಿಕೊಡದೆ ಹೋದದ್ದರಿಂದಲೇ ನೀವು ಇಷ್ಟು ಬಾಗಿಲು ತಟ್ಟಿದಿರಿ. ಅದಕ್ಕೆ ನಿಮ್ಮನ್ನು ದೂರುವ ಮನಸ್ಸು ನನಗಿಲ್ಲ, ಯಾಕೆಂದರೆ ನಾನೂ ತಟ್ಟಿದ್ದೇನೆ.

ನಾನು ಕಿವಿ-ಮೂಗು-ಗಂಟಲಿನ ವೈದ್ಯ. 2012ರಲ್ಲಿ ಕರಾವಳಿಯ ನಮ್ಮೂರ ಜಾತ್ರೆಯಲ್ಲಿ ಗರ್ನಾಲು ಸಿಡಿಸುವಾಗ ತೀರಾ ಹತ್ತಿರ ನಿಂತಿದ್ದೆ. ಅವತ್ತು ರಾತ್ರಿ ಎಡಗಿವಿಯಲ್ಲಿ ಶುರುವಾದ ಸಣ್ಣ ‘ಟೀಂ’ ಎನ್ನುವ ದನಿ ಇವತ್ತಿಗೂ ಇದೆ. ಎರಡು ದಿನದಲ್ಲಿ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಗಿಂಕ್ಗೊದಿಂದ ಪ್ರಯೋಜನವಿಲ್ಲ ಎಂದು ರೋಗಿಗಳಿಗೆ ಹೇಳುತ್ತಿದ್ದವನೇ ಅದನ್ನು ತರಿಸಿ ಮೂರು ತಿಂಗಳು ನುಂಗಿದೆ. ಆ ಮೂರು ತಿಂಗಳು ದಿಂಬಿನ ಪಕ್ಕ ಒಂದು ನೋಟುಪುಸ್ತಕ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಕಣ್ಣು ಬಿಟ್ಟೊಡನೆ, ಏಳುವ ಮೊದಲೇ, ಉಸಿರು ಬಿಗಿಹಿಡಿದು ಎಡಗಿವಿಗೆ ಗಮನ ಕೊಡುವುದು. ಇವತ್ತು ಶಬ್ದ ಎಷ್ಟಿದೆ? ಹತ್ತಕ್ಕೆ ಆರು. ಬರೆದಿಡುವುದು. ಮರುದಿನ ಐದು. ಖುಷಿ. ಅದರ ಮರುದಿನ ಏಳು. ಇಡೀ ದಿನ ಕೆಟ್ಟ ಹಾಗೆ.

ತೊಂಬತ್ತು ದಿನವಾದ ಮೇಲೆ ಪುಟ ತಿರುವಿ ನೋಡಿದೆ. ಐದು, ಆರು, ಏಳು, ಆರು, ಐದು. ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಆ ಪುಸ್ತಕದಿಂದ ತಿಳಿದದ್ದು ಒಂದೇ: ತೊಂಬತ್ತು ದಿನ ಬೆಳಗ್ಗೆ ನಾನು ಮಾಡಿದ ಮೊದಲ ಕೆಲಸ ಆ ಶಬ್ದವನ್ನು ಹುಡುಕುವುದಾಗಿತ್ತು. ಚಿಕಿತ್ಸೆಯ ಹೆಸರಿನಲ್ಲಿ ನನ್ನ ಮಿದುಳಿಗೆ ದಿನಾ ಒಂದೇ ಪಾಠ ಹೇಳಿಕೊಟ್ಟಿದ್ದೆ: ‘ಈ ಶಬ್ದ ಬಹಳ ಮುಖ್ಯ, ಇದನ್ನು ಕಾಯುತ್ತಿರು.’

ನೀವು ಮಾಡಿಸಿದ ಒಂದೊಂದು ಚಿಕಿತ್ಸೆಯನ್ನೂ ಈ ಕಣ್ಣಿನಿಂದ ನೋಡಬೇಕು ಎಂದು ಇಷ್ಟು ಹೇಳಿದೆ. ಹೋದ ಹಣ ಒಂದು ನಷ್ಟ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಹೊಸ ಮದ್ದು ಶುರುವಾದಾಗಲೆಲ್ಲ ಕಿವಿ ಒಳಮುಖವಾಗುತ್ತದೆ. ‘ಕಡಿಮೆ ಆಯಿತೇ?’ ಎಂದು ಕೇಳುವುದೇ ಆ ಶಬ್ದಕ್ಕೆ ಕೊಡುವ ಆಹಾರ.

ಶಬ್ದ ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಒಳಗಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಅಂಗವಿದೆ. ಒಂದೊಂದು ಕಿವಿಯಲ್ಲೂ ಅದರೊಳಗೆ ಸುಮಾರು 3,500 ಒಳಸಾಲಿನ, 12,000 ಹೊರಸಾಲಿನ ಕೂದಲ ಕೋಶಗಳಿವೆ. ಗಾಳಿಯ ಕಂಪನವನ್ನು ನರದ ಸಂದೇಶವಾಗಿ ಬದಲಿಸುವುದು ಇವೇ. ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮಿಲ್ಲಿನಲ್ಲಿ ಪಾಲಿಶರ್, ಬ್ಲೋವರ್ ಪಕ್ಕ ನಿಂತು 22 ವರ್ಷ ಕೆಲಸ ಮಾಡಿದ್ದೀರಿ. ಕೈ ಅಳತೆಯಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕಾದ ಜಾಗದಲ್ಲಿ ಶಬ್ದ 85 ಡೆಸಿಬೆಲ್ ದಾಟಿದೆ ಎಂದೇ ಲೆಕ್ಕ. 85ರಲ್ಲಿ ದಿನಕ್ಕೆ ಎಂಟು ಗಂಟೆ ಮಿತಿ. ಅಲ್ಲಿಂದ ಮೂರು ಡೆಸಿಬೆಲ್ ಹೆಚ್ಚಾದಂತೆಲ್ಲ ಆ ಮಿತಿ ಅರ್ಧಕ್ಕೆ ಇಳಿಯುತ್ತದೆ, 94ರಲ್ಲಿ ಒಂದೇ ಗಂಟೆ. ನಮ್ಮ ಕಾರ್ಖಾನೆ ನಿಯಮಗಳು ಎಂಟು ಗಂಟೆಗೆ 90 ಡೆಸಿಬೆಲ್‌ವರೆಗೆ ಬಿಟ್ಟುಕೊಡುತ್ತವೆ, ಅದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಗದ್ದಲದಲ್ಲಿ ಮೊದಲು ಸಾಯುವುದು ಸಣ್ಣ, ಚೂಪು ದನಿಗಳನ್ನು ಹಿಡಿಯುವ ಕೋಶಗಳು. ಆ ದನಿಗಳು ಕಿವಿಯಿಂದ ಬರುವುದು ಕಡಿಮೆಯಾದಾಗ ಮಿದುಳು ಸುಮ್ಮನಿರುವುದಿಲ್ಲ. ಸ್ಟೇಷನ್ ಸರಿಯಾಗಿ ಸಿಗದಾಗ ನಾವು ರೇಡಿಯೋದ ವಾಲ್ಯೂಮ್ ಏರಿಸುವುದಿಲ್ಲವೇ, ಹಾಗೆ ತನ್ನ ವಾಲ್ಯೂಮ್ ಏರಿಸುತ್ತದೆ. ಆಗ ಕೇಳುವ ಕರಕರವೇ ನಿಮ್ಮ ಜೀರುಂಡೆ.

ಹಾಗಾಗಿ ಶಬ್ದ ಹುಟ್ಟುವುದಕ್ಕೆ ಕಾರಣ ಕಿವಿಯಲ್ಲಿದ್ದರೂ ಅದು ನೆಲೆಸಿರುವುದು ಮಿದುಳಿನಲ್ಲಿ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಅಮೆರಿಕದಲ್ಲಿ ಕಿವಿಯ ಯಾವ ದೂರೂ ಇಲ್ಲದ 80 ಜನರನ್ನು ಒಬ್ಬೊಬ್ಬರಾಗಿ ಶಬ್ದವೇ ನುಗ್ಗದ ಕೋಣೆಯಲ್ಲಿ ಕೆಲವು ನಿಮಿಷ ಕೂರಿಸಿದರು. ಏನಾದರೂ ಕೇಳಿದರೆ ಬರೆಯಿರಿ ಎಂದರು. ಶೇ 94ರಷ್ಟು ಮಂದಿ ಗುಂಯ್, ಸುಯ್, ಟೀಂ ಎಂದು ಏನಾದರೊಂದು ಬರೆದಿದ್ದರು. ಅಂದರೆ ಸದ್ದಿಲ್ಲದ ಕಡೆ ಹೆಚ್ಚಿನವರಿಗೆ ಒಳಗಿನ ಸದ್ದು ಕೇಳುತ್ತದೆ. ಅವರಿಗೂ ನಿಮಗೂ ವ್ಯತ್ಯಾಸವಿಲ್ಲ ಎನ್ನುತ್ತಿಲ್ಲ. ನಿಮ್ಮ ಶಬ್ದ ಜೋರಾಗಿದೆ, ಬಿಡುವಿಲ್ಲದೆ ಇದೆ. ಆದರೆ ಕೋಣೆಯಿಂದ ಎದ್ದು ಹೊರಗೆ ಹೋದ ಮೇಲೆ ಅವರು ಅದನ್ನು ಮರೆತರು, ನಿಮ್ಮ ಮಿದುಳು ಮರೆಯಲು ಬಿಡುತ್ತಿಲ್ಲ. ಚಿಕಿತ್ಸೆ ಕೆಲಸ ಮಾಡಬೇಕಾದ ಜಾಗ ಇದು.

ನಿವೃತ್ತ ಶಿಕ್ಷಕಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ‘ತಲೆಯ ಮೇಲೆ ರೈಲು ಹೋಗ್ತಾ ಇದೆ ಡಾಕ್ಟ್ರೇ, ಮೊಮ್ಮಗಳ ಮಾತು ಕೇಳೋಕೆ ಬಿಡಲ್ಲ’ ಎಂದರು. ಪರೀಕ್ಷೆಯ ಬೂತ್‌ನಲ್ಲಿ ಕೂರಿಸಿ, ನಾವು ಹೊರಗಿನಿಂದ ಕೊಡುವ ದನಿಯನ್ನು ಅವರ ಒಳಗಿನ ದನಿಗೆ ಹೊಂದಿಸುತ್ತಾ ಹೋದೆವು. ‘ಇದೇ, ಇದೇ’ ಎಂದು ಕೈ ಎತ್ತಿದರು. 6,000 ಹರ್ಟ್ಸ್‌ನ ಚೂಪು ದನಿ, ಅವರಿಗೆ ಅತಿ ಮೆಲ್ಲಗೆ ಕೇಳಿಸುವ ಮಟ್ಟಕ್ಕಿಂತ ಏಳೇ ಡೆಸಿಬೆಲ್ ಮೇಲೆ. ಅದೇ ದನಿಯನ್ನು ಸ್ಪೀಕರಿನಲ್ಲಿ ಅವರ ಮಗಳಿಗೆ ಕೇಳಿಸಿದೆ. ಮಗಳು ಬಗ್ಗಿ, ಕಿವಿಗೊಟ್ಟು ಕೇಳಬೇಕಾಯಿತು. ಶಿಕ್ಷಕಿ ಹೆಡ್‌ಫೋನ್ ತೆಗೆದು ಸುಮಾರು ಹೊತ್ತು ಸುಮ್ಮನೆ ಕೂತರು. ಆಮೇಲೆ ‘ಇಷ್ಟೇನಾ?’ ಎಂದರು. ಅವರ ಸಂಕಟ ಸುಳ್ಳಾಗಿರಲಿಲ್ಲ. ಅದರ ಅಳತೆ ಡೆಸಿಬೆಲ್ಲಿನಲ್ಲಿ ಸಿಗುವುದಿಲ್ಲ, ಅಷ್ಟೇ. ಹೆಚ್ಚಿನವರಲ್ಲಿ ಹೀಗೆ ಹೊಂದಿಸಿ ನೋಡಿದಾಗ ಸಿಗುವುದು ಇಷ್ಟೇ ಚಿಕ್ಕ ಅಂಕಿ.

ಇನ್ನು ನೀವು ಮಾಡಿಸಿದ ಚಿಕಿತ್ಸೆಗಳ ವಿಷಯ. ‘ಮೊದಲ ಎರಡು ವಾರ ಕಡಿಮೆಯಾದ ಹಾಗೆ’ ಅನಿಸಿದ್ದು ಭ್ರಮೆಯಲ್ಲ. ಕಿವಿಮೊರೆತ ತಾನಾಗಿಯೇ ಏರಿಳಿಯುತ್ತದೆ. ನಾವು ಹೊಸ ಬಾಗಿಲು ಹುಡುಕಿಕೊಂಡು ಹೋಗುವುದು ಅದು ಅತಿ ಹೆಚ್ಚಾದಾಗ. ಅದಾದ ಮೇಲೆ ಅದು ಇಳಿಯುವುದು ಸಹಜ, ಆ ಹೊತ್ತಿಗೆ ಕೈಯಲ್ಲಿ ಯಾವ ಮದ್ದಿತ್ತೋ ಅದಕ್ಕೆ ಹೆಸರು ಬರುತ್ತದೆ. ಜೊತೆಗೆ, ಒಬ್ಬರು ಕೂತು ಮುಕ್ಕಾಲು ಗಂಟೆ ನಮ್ಮ ಕಷ್ಟ ಕೇಳಿದರೆ ಮನಸ್ಸಿನ ಬಿಗಿ ಸಡಿಲವಾಗಿ ಶಬ್ದವೂ ಹಿಂದೆ ಸರಿಯುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಐದು ನಿಮಿಷದಲ್ಲಿ ಕಳಿಸಿಬಿಡುವ ಪದ್ಧತಿ ಇರುವಾಗ, ಬೇರೆ ಪದ್ಧತಿಯವರು ಕೊಡುವ ಆ ಸಮಯಕ್ಕೆ ಬೆಲೆ ಇಲ್ಲ ಎಂದು ನಾನು ಹೇಳಲಾರೆ.

ಗಿಂಕ್ಗೊ ವಿಷಯದಲ್ಲಿ ಸಂದೇಹವೇ ಉಳಿದಿಲ್ಲ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ 1,121 ಜನ ಭಾಗವಹಿಸಿದ್ದರು. 12 ವಾರ ಅರ್ಧ ಜನರಿಗೆ ಗಿಂಕ್ಗೊ, ಅರ್ಧ ಜನರಿಗೆ ನೋಡಲು ಹಾಗೆಯೇ ಇರುವ ಮದ್ದಿಲ್ಲದ ಮಾತ್ರೆ. ಎರಡೂ ಗುಂಪಿನ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಂತರದ ವಿಮರ್ಶೆಗಳೂ ಇದನ್ನೇ ಹೇಳಿವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ರಕ್ತಸ್ರಾವದ ಅಪಾಯ ತರಬಹುದು. ಕ್ಯಾಪ್ಸೂಲ್ ಉಳಿದಿದ್ದರೆ ಬಿಟ್ಟುಬಿಡಿ. ಜಿಂಕ್, ಮೆಲಟೋನಿನ್, ‘ಕಿವಿಗೆ ವಿಟಮಿನ್’ ಎಂದು ಮಾರುವ ಸಪ್ಲಿಮೆಂಟ್‌ಗಳನ್ನು ಕಿವಿಮೊರೆತಕ್ಕೆಂದು ಸೂಚಿಸಬಾರದು ಎಂದು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2014ರಲ್ಲೇ ಹೇಳಿದೆ. ಆದರೆ ರಕ್ತಪರೀಕ್ಷೆಯಲ್ಲಿ ಬಿ12 ಅಥವಾ ಹಿಮೋಗ್ಲೋಬಿನ್ ಕಡಿಮೆ ಇದೆ, ಥೈರಾಯ್ಡ್ ಏರುಪೇರಾಗಿದೆ ಎಂದು ಬಂದರೆ ಅದಕ್ಕೆ ಚಿಕಿತ್ಸೆ ಬೇಕೇ ಬೇಕು, ಅದು ಬೇರೆ ಮಾತು.

ಮೇಣದಬತ್ತಿ ಇನ್ನು ಮುಟ್ಟಬೇಡಿ. ಅದು ಕಿವಿಯ ಗುಗ್ಗೆಯನ್ನು ಎಳೆಯುತ್ತದೆ ಎನ್ನುತ್ತಾರೆ. ಅಳತೆ ಮಾಡಿ ನೋಡಿದವರಿಗೆ ಅಂಥ ಎಳೆತವೇ ಸಿಕ್ಕಲಿಲ್ಲ. ಉರಿದ ಮೇಲೆ ಕೊಳವೆಯಲ್ಲಿ ತೋರಿಸುವ ಕಂದು ಪುಡಿ ಮೇಣದ್ದೇ. ಸುಟ್ಟ ಕಿವಿನಾಳ, ಕಿವಿತಮಟೆಯ ಮೇಲೆ ಹೆಪ್ಪುಗಟ್ಟಿದ ಮೇಣ, ಇವೆರಡನ್ನೂ ನಾನು ಕಣ್ಣಾರೆ ನೋಡಿದ್ದೇನೆ.

ಆಯುರ್ವೇದ ಮಾಡಿಸಿದ್ದಕ್ಕೆ ನಾನು ಬೈಯುತ್ತೇನೆ ಎಂದುಕೊಂಡಿರಬಹುದು. ಸುಶ್ರುತ ಸಂಹಿತೆ ಕಿವಿಯ 28 ರೋಗಗಳನ್ನು ಎಣಿಸುತ್ತದೆ. ಅದರಲ್ಲಿ ಕರ್ಣನಾದ (ಕಿವಿಯಲ್ಲಿ ಕೇಳುವ ನಾನಾ ಸದ್ದು) ಬೇರೆ, ಕರ್ಣಕ್ಷ್ವೇಡ (ಕೊಳಲಿನಂಥ ದನಿ) ಬೇರೆ, ಬಾಧಿರ್ಯ (ಕಿವುಡು) ಬೇರೆ. ಶಬ್ದ ಕೇಳುವುದು ಮತ್ತು ಕಿವುಡಾಗುವುದು ಒಂದೇ ಅಲ್ಲ ಎಂದು ಅಷ್ಟು ಹಿಂದೆಯೇ ಗುರುತಿಸಿದ್ದರು ಎಂಬುದಕ್ಕೆ ನನಗೆ ಗೌರವವಿದೆ. ಕರ್ಣಪೂರಣ, ಅಂದರೆ ಹದವಾಗಿ ಬೆಚ್ಚಗಿನ ಎಣ್ಣೆಯನ್ನು ಕಿವಿಯಲ್ಲಿ ತುಂಬಿ ಸ್ವಲ್ಪ ಹೊತ್ತು ಇರಿಸುವುದು, ತಮಟೆ ಸರಿಯಿದ್ದರೆ, ಬಲ್ಲ ವೈದ್ಯರ ಕೈಯಲ್ಲಿ ಆದರೆ, ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ಒಣಗಿ ಗಟ್ಟಿಯಾದ ಗುಗ್ಗೆ ಮೆತ್ತಗಾಗಿ ಹಗುರ ಅನಿಸಲೂಬಹುದು. ಆದರೆ ಎಣ್ಣೆ ತಮಟೆಯವರೆಗೆ ಮಾತ್ರ ಹೋಗುತ್ತದೆ. ನಿಮ್ಮ ತೊಂದರೆಯ ಮೂಲ ಅದರಾಚೆಗಿನ ಮೂಳೆಯೊಳಗಿನ ಸುರುಳಿಯಲ್ಲಿದೆ, ಅಲ್ಲಿಗೆ ಎಣ್ಣೆ ಮುಟ್ಟುವುದಿಲ್ಲ. ಮನೆಯಲ್ಲಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಹಾಕಿಕೊಳ್ಳಬೇಡಿ. ತಮಟೆಯಲ್ಲಿ ತೂತಿದ್ದರೆ ಕೀವಾಗುತ್ತದೆ, ಮಳೆಗಾಲದ ತೇವದಲ್ಲಿ ಎಣ್ಣೆ ಬಿಟ್ಟ ಕಿವಿ ಬೂಸ್ಟು ಹಿಡಿಯುತ್ತದೆ. ಕರಾವಳಿ, ಮಲೆನಾಡಿನ ನಮ್ಮಂಥ ವೈದ್ಯರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ದಿನದ ನೋಟ.

ಗುಳಿಗೆಯ ಮೇಲೆ ನನಗೆ ಹೆಚ್ಚು ಕಾಳಜಿ. ಹೆಸರು ಬರೆದಿಲ್ಲ ನೀವು. ಲೇಬಲ್ ಇಲ್ಲದ ಪೊಟ್ಟಣವಾಗಿದ್ದರೆ, ಅಥವಾ ಭಸ್ಮ ಸೇರಿದ್ದು ತಿಂಗಳುಗಟ್ಟಲೆ ತಿಂದಿದ್ದರೆ, ರಕ್ತದಲ್ಲಿ ಸೀಸದ ಪ್ರಮಾಣ ಮತ್ತು ಕಿಡ್ನಿಯ ಪರೀಕ್ಷೆ ಒಮ್ಮೆ ಮಾಡಿಸಿ. ಇಂಟರ್‌ನೆಟ್ಟಿನಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಎಲ್ಲ ಗುಳಿಗೆಯೂ ವಿಷ ಎಂದು ನಾನು ಹೇಳುತ್ತಿಲ್ಲ. ಏನು ತಿನ್ನುತ್ತಿದ್ದೇನೆ ಎಂದು ತಿಳಿಯದೆ ತಿನ್ನಬೇಡಿ.

ಹೋಮಿಯೋಪತಿ ಒಂದು ವರ್ಷ ನೋಡಿದ್ದೀರಿ, ಸಾಕು. ಆಕ್ಯುಪಂಕ್ಚರ್ ಕುರಿತ ಅಧ್ಯಯನಗಳು ಒಂದೊಂದು ಒಂದೊಂದು ಹೇಳುತ್ತವೆ. ಅಮೆರಿಕದ ಅದೇ ಅಕಾಡೆಮಿಯ ಮಾರ್ಗಸೂಚಿ ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ. ಕತ್ತು, ದವಡೆ ಬಿಗಿದಿದ್ದವರಿಗೆ ಸ್ವಲ್ಪ ಸಡಿಲವಾಗಬಹುದು. ಒಂದು ಪರೀಕ್ಷೆ ನೀವೇ ಮಾಡಿ ನೋಡಿ: ದವಡೆಯನ್ನು ಮುಂದಕ್ಕೆ ಚಾಚಿದಾಗ, ಹಲ್ಲು ಬಿಗಿಹಿಡಿದಾಗ, ಕತ್ತು ತಿರುಗಿಸಿದಾಗ ಶಬ್ದದ ಸ್ವರವೋ ಜೋರೋ ಬದಲಾಗುತ್ತದೆಯೇ? ತುಂಬಾ ಬದಲಾದರೆ, ಕತ್ತಿನ ನೋವೂ ಇದ್ದರೆ, ಸೂಜಿಗಿಂತ ಮೊದಲು ಒಳ್ಳೆಯ ಫಿಸಿಯೋಥೆರಪಿಸ್ಟ್ ಅಥವಾ ದಂತವೈದ್ಯರನ್ನು ನೋಡಿ. ಸ್ಟೆಮ್ ಸೆಲ್ ಚುಚ್ಚುಮದ್ದಿನ ಜಾಹೀರಾತು ಕಣ್ಣಿಗೆ ಬಿದ್ದಿದ್ದರೆ ಅತ್ತ ತಿರುಗಿಯೂ ನೋಡಬೇಡಿ. ನಾಲಿಗೆಗೆ ಸಣ್ಣ ವಿದ್ಯುತ್ ಮಿಡಿತ, ಕಿವಿಗೆ ಶಬ್ದ ಎರಡನ್ನೂ ಒಟ್ಟಿಗೆ ಕೊಡುವ ಲೆನೈರ್ ಎಂಬ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಕರು 2023ರಲ್ಲಿ ಅನುಮತಿ ಕೊಟ್ಟಿದ್ದಾರೆ. ಅದರ ಮೊದಲ ದೊಡ್ಡ ಪ್ರಯೋಗದಲ್ಲಿ ಬಹಳ ಜನರಿಗೆ ಸಂಕಟ ಕಡಿಮೆಯಾಯಿತು, ಆದರೆ ಹೋಲಿಸಿ ನೋಡಲು ಕೆಲಸ ಮಾಡದ ನಕಲಿ ಸಾಧನದ ಗುಂಪು ಇರಲಿಲ್ಲ. ನನ್ನ ಮಟ್ಟಿಗೆ ಅದಕ್ಕೆ ಸಾಲ ಮಾಡುವ ಕಾಲ ಬಂದಿಲ್ಲ.

ಈ ಅಲೆದಾಟ ಹೊಸದೂ ಅಲ್ಲ. ಜರ್ಮನಿಯ ಮಹಾನ್ ಸಂಗೀತಗಾರ ಬೇಥೋವನ್ 1801ರಲ್ಲಿ, ತನ್ನ ಮೂವತ್ತನೇ ವಯಸ್ಸಿನಲ್ಲಿ, ವೈದ್ಯ ಮಿತ್ರನಿಗೆ ಬರೆದ ಪತ್ರಗಳಿವೆ. ಕಿವಿ ಹಗಲೂ ರಾತ್ರಿ ಮೊರೆಯುತ್ತದೆ, ಜನ ಸೇರುವ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ ಎನ್ನುತ್ತಾನೆ. ಕಿವಿಗೆ ಬಾದಾಮಿ ಎಣ್ಣೆ, ಡ್ಯಾನ್ಯೂಬ್ ನದಿ ನೀರಿನ ಉಗುರುಬೆಚ್ಚಗಿನ ಸ್ನಾನ, ಎರಡೂ ತೋಳಿಗೆ ಬೊಬ್ಬೆ ಏಳಿಸುವ ತೊಗಟೆ. ಅಷ್ಟಾದ ಮೇಲೆ, ಆ ಕಾಲಕ್ಕೆ ಹೊಸದಾಗಿದ್ದ ವಿದ್ಯುತ್ ಚಿಕಿತ್ಸೆಯ ಬಗ್ಗೆ ವಿಚಾರಿಸುತ್ತಾನೆ. ನಿಮ್ಮ ಪಟ್ಟಿಗೂ ಅದಕ್ಕೂ ಎಷ್ಟು ಹೋಲಿಕೆ ನೋಡಿ. ಅವನ ಕಾಲದಲ್ಲಿ ಇಲ್ಲದಿದ್ದದ್ದು, ನಮಗೆ ಇರುವುದು, ಬೇರೆಯೇ ಇದೆ.

ಮೊದಲನೆಯದು ಶ್ರವಣ ಪರೀಕ್ಷೆ, ಅಂದರೆ ಆಡಿಯೋಮೆಟ್ರಿ. ಏಳು ವರ್ಷದಲ್ಲಿ ಇದನ್ನು ಮಾಡಿಸಿದ್ದೀರಾ ಎಂದು ನೀವು ಬರೆದೇ ಇಲ್ಲ. ನನಗೆ ಅತಿ ಬೇಸರವಾದದ್ದು ಅದೇ. ‘ಕಿವಿ ಚೆನ್ನಾಗೇ ಕೇಳಿಸ್ತದೆ’ ಎನ್ನಬಹುದು ನೀವು. ಮದುವೆ ಮನೆಯ ಗದ್ದಲದಲ್ಲಿ ಹೆಂಗಸರ, ಮಕ್ಕಳ ಮಾತು ಗೊತ್ತಾಗುತ್ತದೆಯೇ? ಟಿವಿ ಜೋರಾಯಿತು ಎಂದು ಮನೆಯವರು ಹೇಳುತ್ತಾರೆಯೇ? ಗದ್ದಲದಲ್ಲಿ ದುಡಿದವರ ಪರೀಕ್ಷೆಯ ಗೆರೆಯಲ್ಲಿ 4,000 ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಚೂಪು ದನಿಗಳ ಕಡೆ, ಒಂದು ಗುಂಡಿ ಬಿದ್ದಿರುತ್ತದೆ. ಅವರಿಗೆ ಮಾತು ಕೇಳಿಸುತ್ತದೆ, ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ಅಂಥವರಿಗೆ ಸರಿಯಾಗಿ ಹೊಂದಿಸಿದ ಶ್ರವಣ ಸಾಧನ ಎರಡು ಕೆಲಸ ಮಾಡುತ್ತದೆ. ಮಾತು ಸ್ಪಷ್ಟವಾಗುತ್ತದೆ. ಕಾಣೆಯಾಗಿದ್ದ ದನಿಗಳು ಮತ್ತೆ ಮಿದುಳಿಗೆ ತಲುಪುವುದರಿಂದ ಎಷ್ಟೋ ಜನರಿಗೆ ಮೊರೆತ ಹಿಂದೆ ಸರಿಯುತ್ತದೆ. ಲೇಸರ್‌ಗೆ ಎತ್ತಿಟ್ಟ ದುಡ್ಡು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೊಪ್ಪಳ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ನಿಮಗೆ ಹತ್ತಿರ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಿಂದ ನಡೆಯುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿಬರುವುದಕ್ಕೆ ಆದರೆ ಇನ್ನೂ ಒಳ್ಳೆಯದು. ಆದಾಯ ಕಡಿಮೆ ಇರುವವರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಶ್ರವಣ ಸಾಧನ ಉಚಿತವಾಗಿ ಸಿಗುತ್ತದೆ, ಅಲ್ಲೇ ವಿಚಾರಿಸಿ. ಮಿಲ್ಲಿನಲ್ಲಿ ನಿಮಗೆ ಇಎಸ್‌ಐ ಇತ್ತೇ? ಗದ್ದಲದಿಂದಾದ ಶ್ರವಣದೋಷ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಹಳೆಯ ಕಾರ್ಡು ಹುಡುಕಿ ಇಟ್ಟುಕೊಳ್ಳಿ.

ಎರಡನೆಯದು ನಿಮ್ಮ ರಾತ್ರಿ. ದೀಪ ಆರಿಸಿ, ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ ಮಲಗಿದರೆ ನೀವು ಆ ಅಮೆರಿಕದ ಕೋಣೆಯನ್ನೇ ಮನೆಯಲ್ಲಿ ಕಟ್ಟಿಕೊಂಡಂತೆ. ನಿಶ್ಶಬ್ದದಲ್ಲಿ ಮಲಗಬೇಡಿ. ಫ್ಯಾನ್ ಓಡಲಿ. ಫೋನಿನಲ್ಲಿ ಮಳೆಯದೋ ಹೊಳೆಯದೋ ಸದ್ದು, ಕೋಣೆಯ ಮೂಲೆಯಲ್ಲಿಟ್ಟು, ಇಡೀ ರಾತ್ರಿ ಇರಲಿ. ಇಯರ್‌ಫೋನ್ ಬೇಡ. ಇಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ: ಒಳಗಿನ ಶಬ್ದ ಮುಚ್ಚಿಹೋಗುವಷ್ಟು ಜೋರಾಗಿ ಇಡುತ್ತಾರೆ. ಹಾಗಲ್ಲ. ಜೀರುಂಡೆ ಇನ್ನೂ ಕೇಳುತ್ತಿರಬೇಕು, ಮಳೆಯೂ ಕೇಳುತ್ತಿರಬೇಕು, ಎರಡೂ ಬೆರೆತಿರಬೇಕು. ಮುಚ್ಚಿಟ್ಟ ಶಬ್ದಕ್ಕೆ ಮಿದುಳು ಒಗ್ಗುವುದಿಲ್ಲ. ಕೇಳುತ್ತಾ ಕೇಳುತ್ತಾ, ಅದರಿಂದ ಏನೂ ಕೆಡುಕಾಗದೆ, ದಿನಗಳು ಹೋದರೆ ಒಗ್ಗುತ್ತದೆ. ನಿದ್ದೆ ಬರದೆ ಇಪ್ಪತ್ತು ನಿಮಿಷ ಹೊರಳಾಡಿದರೆ ಎದ್ದು ಹೊರಗೆ ಬಂದು ಕೂತು, ತೂಕಡಿಕೆ ಬಂದ ಮೇಲೆ ಹೋಗಿ ಮಲಗಿ. ಗಡಿಯಾರ ನೋಡಬೇಡಿ. ಎಷ್ಟೇ ತಡವಾಗಿ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಹಗಲು ಕಿವಿಗೆ ಹತ್ತಿ ತುರುಕಿಕೊಂಡು ಓಡಾಡಬೇಡಿ, ಮಿದುಳು ವಾಲ್ಯೂಮ್ ಇನ್ನೂ ಏರಿಸುತ್ತದೆ. ಮಿಲ್ಲು, ಡಿಜೆ, ಪಟಾಕಿಯ ಹತ್ತಿರ ಮಾತ್ರ ಒಳ್ಳೆಯ ಇಯರ್‌ಪ್ಲಗ್ ಇರಲಿ.

ಮೂರನೆಯದನ್ನು ಹೇಳಿದರೆ ‘ನನಗೆ ಹುಚ್ಚು ಎನ್ನುತ್ತೀರಾ’ ಎಂದು ಕೆಲವರು ಎದ್ದು ಹೋಗುತ್ತಾರೆ. ನೀವು ಹೋಗಬೇಡಿ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಕಿವಿಮೊರೆತದ ಸಂಕಟ ತಗ್ಗಿಸುವುದರಲ್ಲಿ ಬೇರೆಲ್ಲದಕ್ಕಿಂತ ಹೆಚ್ಚು ಆಧಾರ ಇರುವುದು ಇದಕ್ಕೇ. 2020ರಲ್ಲಿ ಕಾಕ್ರೇನ್ ಸಂಸ್ಥೆ 28 ಅಧ್ಯಯನಗಳ 2,733 ಜನರ ಮಾಹಿತಿ ಕೂಡಿಸಿ ನೋಡಿದಾಗ, ಬದುಕಿನ ಮೇಲೆ ಮೊರೆತದ ಹೊರೆ ಇದರಿಂದ ಇಳಿಯುತ್ತದೆ ಎಂದು ಕಂಡಿತು. ಅಲ್ಲಿ ನಡೆಯುವುದು ಇಷ್ಟು: ರಾತ್ರಿ ಹತ್ತೂವರೆಗೆ ಶಬ್ದ ಕೇಳಿದೊಡನೆ ನಿಮ್ಮ ತಲೆಯಲ್ಲಿ ‘ಇವತ್ತೂ ನಿದ್ದೆ ಇಲ್ಲ, ನಾಳೆ ಕೆಲಸ ಕೆಟ್ಟಿತು, ಹೀಗೇ ಆದರೆ ನನ್ನ ಗತಿಯೇನು’ ಎಂದು ಒಂದರ ಹಿಂದೆ ಒಂದು ಬರುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಹೆದರಿದ ಮೈ ಚುರುಕಾಗುತ್ತದೆ, ಚುರುಕಾದ ಕಿವಿಗೆ ಶಬ್ದ ಇನ್ನೂ ಜೋರು. ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಹಿಡಿದು, ಅದು ನಿಜವೇ ಎಂದು ನೋಡಿ, ಬಿಡಿಸುವುದನ್ನು ಕಲಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ದೊಡ್ಡ ಆಸ್ಪತ್ರೆಗಳ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಬಳಿ ಇದು ಸಿಗುತ್ತದೆ. ನಿಮ್ಮ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನೂ ಕೇಳಿ. ‘ಹೀಗೆ ಬದುಕುವುದಕ್ಕಿಂತ ಸಾಯುವುದೇ ಮೇಲು’ ಎಂಬ ಯೋಚನೆ ಎಂದಾದರೂ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಟೆಲಿ ಮಾನಸ್, 14416, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಭ್ರಾಮರಿ ಮಾಡಿ, ಒಳ್ಳೆಯದು. ಉಸಿರು ನಿಧಾನವಾಗುತ್ತದೆ, ಹೆದರಿದ ಮೈ ತಣಿಯುತ್ತದೆ. ಒಂದೇ ತಿದ್ದುಪಡಿ: ಷಣ್ಮುಖಿ ಮುದ್ರೆಯಲ್ಲಿ ಕಿವಿ ಮುಚ್ಚಿಕೊಳ್ಳುವುದನ್ನು ಸದ್ಯಕ್ಕೆ ಬಿಡಿ. ಮುಚ್ಚಿದರೆ ಹೊರಗಿನ ಸದ್ದು ನಿಂತು ಒಳಗಿನದು ಎದ್ದುಬರುತ್ತದೆ, ಹೊಸಬರು ಗಾಬರಿಯಾಗುತ್ತಾರೆ. ಕಿವಿ ತೆರೆದಿಟ್ಟು, ಕೈ ಮಡಿಲಲ್ಲಿಟ್ಟು ಗುನುಗಿ. ಹಠಯೋಗ ಪ್ರದೀಪಿಕೆ ಎಂಬ ಹಳೆಯ ಯೋಗಗ್ರಂಥದ ನಾಲ್ಕನೇ ಅಧ್ಯಾಯ ನನಗೆ ಆಗಾಗ ನೆನಪಾಗುತ್ತದೆ. ನಾದಾನುಸಂಧಾನದಲ್ಲಿ, ಅಂದರೆ ಒಳಗಿನ ನಾದಕ್ಕೆ ಮನಸ್ಸಿಡುವ ಸಾಧನೆಯಲ್ಲಿ, ಸಾಧಕನಿಗೆ ಮೊದಲು ಕಡಲು, ಮೋಡ, ಭೇರಿಯ ಸದ್ದು, ನಡುವೆ ಶಂಖ, ಘಂಟೆ, ಕೊನೆಗೆ ಕೊಳಲು, ವೀಣೆ, ದುಂಬಿಯ ದನಿ ಕೇಳುತ್ತದೆ ಎಂದು ಅಲ್ಲಿ ಹೇಳಿದೆ. ಅವರು ಕೇಳಿದ್ದು ಮತ್ತು ನಿಮ್ಮ ಕಾಯಿಲೆ ಒಂದೇ ಎನ್ನುವ ಧೈರ್ಯ ನನಗಿಲ್ಲ. ಒಳಗಿನ ದನಿಯೊಂದನ್ನು ಹೆದರದೆ ಕೇಳಿದವರೂ ನಮ್ಮಲ್ಲಿ ಇದ್ದರು ಎಂಬುದು ನನಗೆ ಎಷ್ಟೋ ರಾತ್ರಿ ಸಮಾಧಾನ ಕೊಟ್ಟಿದೆ.

ಒಂದು ಎಚ್ಚರಿಕೆ. ಶಬ್ದ ಒಂದೇ ಕಿವಿಗೆ ಬಂದರೆ, ನಾಡಿಯ ಜೊತೆ ‘ಧಕ್ ಧಕ್’ ಎಂದು ಮಿಡಿದರೆ, ತಲೆಸುತ್ತು ಅಥವಾ ಮುಖ ಒಂದು ಕಡೆ ಸೊಟ್ಟಗಾಗುವುದು ಜೊತೆಗಿದ್ದರೆ ಬೇಗ ತೋರಿಸಿ, ಸ್ಕ್ಯಾನ್ ಬೇಕಾಗಬಹುದು. ಬೆಳಗಾಗುವಷ್ಟರಲ್ಲಿ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಂತಾದರೆ ಅದು ತುರ್ತು. ಸ್ಟೆರಾಯ್ಡ್ ಕೆಲಸ ಮಾಡುವುದು ಮೊದಲ ದಿನಗಳಲ್ಲಿ, ಅವತ್ತೇ ಹೋಗಿ. ನೀವು ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ. ಹೆಚ್ಚು ಪ್ರಮಾಣದ ಆಸ್ಪಿರಿನ್, ಮಲೇರಿಯಾದ ಕ್ವಿನೈನ್ ಜಾತಿಯ ಮಾತ್ರೆ, ಕೆಲವು ಆ್ಯಂಟಿಬಯೋಟಿಕ್ ಇಂಜೆಕ್ಷನ್‌ಗಳು ಮೊರೆತ ತರಬಲ್ಲವು. ಆದರೆ ಹೃದಯಕ್ಕೆಂದು ಕೊಟ್ಟ ಸಣ್ಣ ಆಸ್ಪಿರಿನ್ ಅನ್ನು ನೀವಾಗಿ ನಿಲ್ಲಿಸಬೇಡಿ.

ಶಬ್ದ ಯಾವತ್ತಾದರೂ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ಏಳು ವರ್ಷವಾದ ಮೇಲೆ ಅದು ಪೂರ್ತಿ ಅಳಿಸಿಹೋಗುವ ಸಂಭವ ಕಡಿಮೆ. ಅದರಿಂದಾಗುವ ಸಂಕಟ ಇಳಿಯುವ ಸಂಭವ ಬಹಳ ಹೆಚ್ಚು. ಇವೆರಡೂ ಬೇರೆ ಬೇರೆ. ನಾನು ನೋಟುಪುಸ್ತಕ ಎತ್ತಿಟ್ಟ ಮೇಲೆ ಸುಮಾರು ಎಂಟು ತಿಂಗಳಿಗೆ, ತುಳುನಾಡಿನ ಆಟಿ ತಿಂಗಳ ಮಳೆಯಲ್ಲಿ, ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೊಳೆಯಿತು: ಬೆಳಗಿನಿಂದ ಎಡಗಿವಿಯ ನೆನಪೇ ಬಂದಿಲ್ಲ. ನೆನಪಾದೊಡನೆ ಶಬ್ದ ಅಲ್ಲೇ ಇತ್ತು. ಅವತ್ತು ಅದರ ಮೇಲೆ ಸಿಟ್ಟು ಬರಲಿಲ್ಲ, ಊಟ ಮುಂದುವರಿಸಿದೆ. ಈಗ ಇದನ್ನು ಬರೆಯುವಾಗ ಕೇಳುತ್ತಿದೆ, ಅದರ ಬಗ್ಗೆಯೇ ಬರೆಯುತ್ತಿದ್ದೇನಲ್ಲ.

ಬೇರೆ ಯಾವುದಾದರೂ ಚಿಕಿತ್ಸೆ ನೋಡಲೇಬೇಕು ಎನಿಸಿದರೆ ನೋಡಿ, ಬೇಡ ಎನ್ನುವ ಅಧಿಕಾರ ನನಗಿಲ್ಲ. ಮೈಗೆ ಅಪಾಯವಿಲ್ಲದ್ದಾಗಿರಲಿ, ಸಾಲ ಮಾಡಿಸದ್ದಾಗಿರಲಿ, ಎಷ್ಟು ವಾರ ಎಂದು ಮೊದಲೇ ಗಟ್ಟಿ ಮಾಡಿಕೊಂಡಿರಿ. ದಿನಾ ಬೆಳಿಗ್ಗೆ ಶಬ್ದ ಅಳೆಯಬೇಡಿ. ಬದಲಿಗೆ ಎರಡು ತಿಂಗಳ ನಂತರ ಮನೆಯವರನ್ನು ಕೇಳಿ: ‘ನಾನು ಸ್ವಲ್ಪ ಹೆಚ್ಚು ನಿದ್ದೆ ಮಾಡ್ತಿದ್ದೀನಾ? ಸಿಡುಕು ಕಡಿಮೆ ಆಗಿದೆಯಾ?’ ಅವರ ಉತ್ತರ ನಿಮ್ಮ ಕಿವಿಯ ಉತ್ತರಕ್ಕಿಂತ ನಂಬಿಕೆಗೆ ಯೋಗ್ಯ.

ಈ ವಾರವೇ ಶ್ರವಣ ಪರೀಕ್ಷೆಗೆ ದಿನ ಗೊತ್ತು ಮಾಡಿ. ಹೋಗುವಾಗ ಈವರೆಗಿನ ಔಷಧಿಗಳ ಚೀಟಿ, ಆ ಗುಳಿಗೆಯ ಡಬ್ಬಿ ತೆಗೆದುಕೊಂಡು ಹೋಗಿ. ಮನೆಯವರನ್ನೂ ಕರೆದುಕೊಂಡು ಹೋಗಿ. ಏಳು ವರ್ಷದಿಂದ ಅವರೂ ನಿಮ್ಮ ಪಕ್ಕದಲ್ಲೇ ಎಚ್ಚರವಿದ್ದಾರೆ, ಅವರಿಗೂ ಕೇಳಬೇಕಾದದ್ದು ಇರುತ್ತದೆ.